ಕಚ್ಚಾ ಹೊಲಿಗೆ

ಮಾತ್ಸುಯಾಮಾದಿಂದ ಉವಾಜಿಮಾಕ್ಕೆ ಒಂದೇ ಡಬ್ಬಿಯ ರೈಲು.
ಕಿಟಕಿಯಾಚೆ ಕಿತ್ತಳೆಯ ಗುಡ್ಡ, ಈಚೆ ನಾನು, ಚಿತೊಸೆ,
ಮೂವತ್ತೆಂಟು, ಹಲ್ಲಿನ ಸೆಟ್ಟು ಕಟ್ಟುವ ಕೆಲಸ,
ನಾಲ್ಕು ದಿನ ರಜೆ, ಒಂದೇ ಚೀಲ.

ಮೈಮೇಲೆ ಕಿನುಯೆ ಚಿಕ್ಕಜ್ಜಿಯ ಕಿಮೋನೊ,
ತುಕ್ಕುಗೆಂಪು ರೇಷ್ಮೆ, ಒರಟು ನೂಲಿನದು.
ಅವಳು ಗಿಡ್ಡಿ, ನಾನು ಬಿದಿರುಗಳ.
ಮಣಿಕಟ್ಟಿಗೆ ನಾಲ್ಕು ಬೆರಳು ಮೊದಲೇ ತೋಳು ಮುಗಿದು
ಅಲ್ಲಿಂದಾಚೆ ಕಪ್ಪು ಸ್ವೆಟರು.
ಕಣಕಾಲಿಗೆ ಬರುವ ಮುಂಚೆ ಅಂಚು ಮುಗಿದು
ಅಲ್ಲಿಂದ ಕೆಳಗೆ ಲೇಸಿನ ಬೂಟು.
ಓಬಿ ಕಟ್ಟಲು ಬಾರದು. ಸೊಂಟಕ್ಕೆ ಅಪ್ಪನ ಬೆಲ್ಟು,
ಮೊಳೆ ಕಾಸಿ ಎರಡು ತೂತು ಹೆಚ್ಚಿಗೆ ಕೊರೆದದ್ದು.
ಸುತ್ತುವುದರಿಂದ ಉಟ್ಟೆ ಅನ್ನಬೇಕು,
ತೋಳಿರುವುದರಿಂದ ತೊಟ್ಟೆ ಅನ್ನಬೇಕು,
ನಾನು ಎರಡನ್ನೂ ಅರ್ಧರ್ಧ ಮಾಡಿದ್ದೆ.
ಎಡಮಗ್ಗುಲು ಮೇಲೆ, ಬಲ ಕೆಳಗೆ. ಅಷ್ಟು ಮಾತ್ರ ತಪ್ಪಿಲ್ಲ.
ತಿರುಗಿಸಿದರೆ ಅದು ಹೆಣದ ಉಡುಪು.

ಹೋದ ವರ್ಷ ಕಾನಾಜಾವಾದಲ್ಲಿ ಎಲ್ಲ ಸರಿಯಾಗಿಯೇ ಉಟ್ಟಿದ್ದೆ,
ವಿಡಿಯೊ ನೋಡಿ, ಎರಡು ತಾಸು, ಉಸಿರು ಬಿಗಿಹಿಡಿದು.
ಲಿಫ್ಟಿನಲ್ಲಿ ಮುತ್ತಿನುಂಗುರದ ಹೆಂಗಸೊಬ್ಬಳು
ಹೇಳದೆ ಕೇಳದೆ ಬೆನ್ನಿಗೆ ಕೈಹಾಕಿ ಕತ್ತುಪಟ್ಟಿ ಜಗ್ಗಿದಳು.
‘ಅಯ್ಯೋ ಪಾಪ, ಮನೆಯಲ್ಲಿ ಹೇಳಿಕೊಡುವವರಿಲ್ಲವೇ?’
ಅಂದೇ ನಿಶ್ಚಯಿಸಿದೆ:
ಇನ್ನು ಎಷ್ಟು ತಪ್ಪಾಗಿ ಉಡುವೆನೆಂದರೆ
ತಿದ್ದುವವರಿಗೆ ಎಲ್ಲಿಂದ ಶುರುಮಾಡಲಿ ಅಂತ ತಿಳಿಯಬಾರದು.

ಯಾರಾದರೂ ಕೇಳಿದರೆ ಹೇಳಲು ಕತೆಯೂ ಸಿದ್ಧವಿತ್ತು.
ಕಿನುಯೆ ಇದನ್ನುಟ್ಟು ಹಡಗುಕಟ್ಟೆಯಲ್ಲಿ ತಿರುಗುತ್ತಿದ್ದಳು,
ಸೈಕಲ್ಲು ಹೊಡೆದಿದ್ದಳು, ಮಳೆಗೆ ನೆನೆದಿದ್ದಳು,
ನಾನು ಅವಳು ನಿಲ್ಲಿಸಿದಲ್ಲಿಂದ ಮುಂದೆ ನಡೆಯುತ್ತಿದ್ದೇನೆ, ಹೀಗೆಲ್ಲ.

ಯಾವತಾಹಾಮಾದಲ್ಲಿ ಮುದುಕಿಯೊಬ್ಬಳು ಹತ್ತಿದಳು,
ಕರಿದ ಮೀನುಬಿಲ್ಲೆಯ ವಾಸನೆಯ ಸಮೇತ.
ಡಬ್ಬಿಯೆಲ್ಲ ಖಾಲಿ. ಬಂದು ಎದುರಿಗೇ ಕೂತಳು.
ಕಣ್ಣು ನನ್ನ ತೋಳಿಗೆ ಬಿದ್ದದ್ದು ಏಳಲೇ ಇಲ್ಲ.
ಬಂತಪ್ಪ, ಅಂದುಕೊಂಡು ಬೆನ್ನು ನೆಟ್ಟಗೆ ಮಾಡಿದೆ.

‘ಇದನ್ನು ಯಾರೂ ಉಟ್ಟಿಲ್ಲ.’
‘ನಾನು ಉಟ್ಟಿದ್ದೇನಲ್ಲ.’
‘ನಿನಗಿಂತ ಮುಂಚೆ.’
ತೋಳಿನಂಚಿಗೆ ಬೆರಳಿಟ್ಟಳು. ಬಿಳಿ ದಾರ,
ಇರುವೆ ಸಾಲಿನಂಥ ಸಣ್ಣ ಹೊಲಿಗೆ.
ನಾನದನ್ನು ಅಲಂಕಾರವೆಂದು ಬಗೆದಿದ್ದೆ.
ಮಡಿಕೆ ಕೆಡದಿರಲೆಂದು ಹಾಕುವ ಕಚ್ಚಾ ಹೊಲಿಗೆಯಂತೆ.
ಮೊದಲ ಸಲ ಉಡುವ ಬೆಳಿಗ್ಗೆ ಬಿಚ್ಚುವುದಂತೆ.
‘ನಲವತ್ತು ವರ್ಷ ಹಾಕಿದ್ದೇನೆ ಇಂಥವನ್ನ,
ಒಂದು ಕಿಮೋನೊಗೆ ಇಷ್ಟು ಅಂತ ಕೂಲಿ.’

ರೈಲು ಸುರಂಗಕ್ಕೆ ನುಗ್ಗಿತು.
ಕಪ್ಪು ಗಾಜಿನಲ್ಲಿ ಕೆಂಪಗೆ ನಾನೊಬ್ಬಳೇ.
ಹಡಗುಕಟ್ಟೆಯಿಲ್ಲ. ಸೈಕಲ್ಲಿಲ್ಲ. ಮಳೆಯಂತೂ ಇಲ್ಲವೇ ಇಲ್ಲ.
ಪೆಟ್ಟಿಗೆ, ಕಾಗದ, ಕರ್ಪೂರ.
ಯಾವ ಬೆಳಿಗ್ಗೆಗಾಗಿ ಕಾದಿದ್ದಳೋ,
ಕಾದಿದ್ದಳೋ, ಬೇಡವೆಂದೇ ಇಟ್ಟಿದ್ದಳೋ.
ಕೇಳಲು ಯಾರೂ ಉಳಿದಿಲ್ಲ.

‘ಬಿಚ್ಚಲಾ?’
ಈ ಸಲ ಕೇಳಿದಳು. ಕೇಳಿದ್ದಕ್ಕೇ ಕೈ ಚಾಚಿದೆ.
ಕತ್ತರಿಯಿಲ್ಲ, ನನ್ನ ಉಗುರುಕಟರು ಕೊಟ್ಟೆ.
ಅದನ್ನು ನೋಡಿ ಮೂಗು ಮುರಿದು
ತನ್ನ ಹಲ್ಲಲ್ಲೇ ಕಚ್ಚಿ ತುಂಡರಿಸಿದಳು
(ಮೇಲಿನ ಸಾಲು ಸೆಟ್ಟು, ಒಳ್ಳೆಯ ಕೆಲಸ, ಯಾರದೋ).
ಎಳೆದಳು. ದಾರ ಸದ್ದಿಲ್ಲದೆ ಬಂತು,
ಎರಡು ಸುರಂಗ, ಎರಡು ನಿಲ್ದಾಣದುದ್ದಕ್ಕೂ ಬಂತು,
ಎಡತೋಳು, ಬಲತೋಳು, ಕತ್ತಿನ ಸುತ್ತು.
ರೇಷ್ಮೆ ಹೆಗಲ ಮೇಲೆ ಒಂದಿಷ್ಟು ಸಡಿಲಾಯಿತು.

‘ಕೆಳಗಿನಂಚು ನೀನೇ ನೋಡಿಕೊ, ನನ್ನ ಸೊಂಟ ಬಗ್ಗದು.’
ಊನೊಮಾಚಿಯಲ್ಲಿ ಇಳಿಯಲು ಎದ್ದವಳು
ಬಾಗಿಲ ಕಂಬಿ ಹಿಡಿದು ತಿರುಗಿದಳು.
‘ಆ ಬೆಲ್ಟು...’
ಕಾದೆ.
‘ಇನ್ನೊಂದು ತೂತು ಬಿಗಿಮಾಡು. ಅಕ್ಕಿಮೂಟೆ ಕಂಡಂತೆ ಕಾಣುತ್ತೀಯ.’

ಬಿಗಿಮಾಡಿದೆ.
ಉವಾಜಿಮಾದಲ್ಲಿ ಟಿಕೇಟಿಗೆಂದು ತೋಳಿನ ಜೇಬಿಗೆ ಕೈಹಾಕಿದರೆ
ಮೊದಲು ಬಂದದ್ದು ದಾರದ ಉಂಡೆ.
ಟಿಕೇಟಿನವನು ಅಂಗೈ ಚಾಚಿಕೊಂಡೇ ನಿಂತಿದ್ದ.
ಕೆಳಗಿನಂಚನ್ನು ಇನ್ನೂ ಬಿಚ್ಚಿರಲಿಲ್ಲ.
ಎಲ್ಲೋ ಬೂಟಿಗೆ ಸಿಕ್ಕಿ ಕಿತ್ತಿರಬೇಕು,
ಗೇಣುದ್ದ ಬಿಳಿ ಎಳೆ ನೆಲ ಗುಡಿಸುತ್ತಾ
ನನ್ನ ಹಿಂದೆಯೇ ಹಡಗುಕಟ್ಟೆಯವರೆಗೆ ಬಂತು.