ಊಜಿ

ಮಂಗಳವಾರ ಬೆಳಗಿನ ಸೊಪ್ಪು ಹಾಕಿ, ಕೈ ಒರೆಸಿಕೊಂಡು
ಮೇಲ್ ತೆರೆದೆ.
ಚಾಕಿ ಕೇಂದ್ರಕ್ಕೆ ಸಹಾಯಧನ ಮಂಜೂರು, ಇವತ್ತೇ ಕಡೆಯ ದಿನ.
ಪಲಾನುಬವಿ ಎಂದು ಬರೆದಿತ್ತು.
ಅನುಮಾನ ಬರಲಿಲ್ಲ.
ಕಚೇರಿಯ ಕಾಗದಗಳಲ್ಲಿ ಮಹಾಪ್ರಾಣ
ಇದ್ದದ್ದು ನಾನು ಕಂಡಿಲ್ಲ.

ಒತ್ತಿದೆ. ಪಾಸ್‌ವರ್ಡ್ ಕೇಳಿತು, ಕೊಟ್ಟೆ.
ಪುಟ ಬೆಳ್ಳಗಾಯಿತು.
ನೆಟ್ ಹೋಯಿತೇನೋ ಅಂದುಕೊಂಡು
ಎರಡನೇ ಜ್ವರಕ್ಕೆ ಕೂತಿದ್ದ ಹುಳ ನೋಡಲು ಒಳಗೆ ಹೋದೆ.
ಅವು ತಲೆಯೆತ್ತಿ ಸುಮ್ಮನಿದ್ದವು, ಪ್ರಾರ್ಥನೆಗೆ ನಿಂತ ಸ್ಕೂಲಿನ ಹಾಗೆ.

ಸಂಜೆ ಜಂಗಮಕೋಟೆಯಿಂದ ಪಿಳ್ಳಾರೆಡ್ಡಿಯ ಫೋನು:
ಏನಕ್ಕಾ, ಹೊಸ ನಂಬರಿಂದ ಮುಂಗಡ ಕೇಳಿದೀಯ?
ಫೋಟೋ ನಂದೇ. ಹೆಸರು ನಂದೇ.
ಸೀರೆ ಕೂಡ, ತಮ್ಮನ ಮಗಳ ಮದುವೆಯಲ್ಲಿ ಉಟ್ಟದ್ದು.

ಬೆಳೆ ಮುಗಿದ ಮನೆ ತೊಳೆಯುವುದು ನನಗೆ ಗೊತ್ತು.
ತಟ್ಟೆ ಬಿಸಿಲಿಗೆ, ಗೋಡೆಗೆ ಸುಣ್ಣ,
ನೆಲಕ್ಕೆ ಬ್ಲೀಚಿಂಗ್, ಮೂಗಿಗೆ ಸೆರಗು.
ಇದನ್ನು ಎಲ್ಲಿಂದ ತೊಳೆಯಲಿ?

ಶಿಡ್ಲಘಟ್ಟದ ಬಸ್ ನಿಲ್ದಾಣದ ಹಿಂದೆ ರಿಪೇರಿ ಅಂಗಡಿಯ ಮುಬಷಿರ್
ಮೊದಲು ನೆಟ್ಟಿನ ವೈರು ಕಿತ್ತ.
ಪಾಸ್‌ವರ್ಡ್ ಇದರಲ್ಲಿ ಬದಲಾಯಿಸಬೇಡಿ ಮೇಡಂ,
ಬೇರೆ ಮಿಷನ್ನಿನಲ್ಲಿ ಕೂತು ಬದಲಾಯಿಸಿ, ಅಂದ.
ನಾನು ದಿನಾ ಯಲ್ಲಮ್ಮನಿಗೆ ಹೇಳುವ ಮಾತು ಅದು:
ರೋಗದ ಕೋಣೆಗೆ ಹೋದ ಕಾಲಲ್ಲಿ
ಚಾಕಿ ಕೋಣೆಗೆ ಬರಬೇಡ.

ಚಂದ್ರಿಕೆ1998.
ಬ್ಯಾಂಕಿಗೂ ಅದೇ, ಕರೆಂಟ್ ಬಿಲ್ಲಿಗೂ ಅದೇ, ಮೇಲಿಗೂ ಅದೇ.
ಒಂದೇ ಬೀಗದ ಕೈ, ಅದೂ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದದ್ದು.
ಹೊಸವು ಹನ್ನೊಂದು ಬರೆದೆ,
ಒಂದಕ್ಕೊಂದು ನೆಂಟಸ್ತಿಕೆ ಇಲ್ಲದವು.
ಬಾಗಿಲ ಹಿಂದೆ ಇನ್ನೊಂದು ಬಾಗಿಲು ಇಡಿಸಿದ ಮುಬಷಿರ್:
ಫೋನಿಗೆ ಬರುವ ಆರು ಅಂಕಿ, ಯಾರು ಕೇಳಿದರೂ ಹೇಳಕೂಡದು.
ನೀನು ಕೇಳಿದರೆ?
ನಾನು ಕೇಳಿದರೂ.

ನನ್ನ ಖಾತೆಯೊಳಗೆ ಯಾರು ಯಾರಿದ್ದಾರೆ, ತೋರಿಸಿತು.
ನನ್ನ ಫೋನು. ನನ್ನ ಕಂಪ್ಯೂಟರು.
ನಾನು ಕಾಣದ ಊರಿನ ಒಂದು ಮಿಷನ್ನು,
ನಡುಮನೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತ ಹಾಗೆ.
ಎಲ್ಲರನ್ನೂ ಎಬ್ಬಿಸಿ ಆಚೆ ಕಳಿಸಿದೆ, ನನ್ನನ್ನೂ ಸೇರಿಸಿ.

ಮುಗಿಯಿತು ಅಂದುಕೊಂಡೆ.

ಊಜಿ ನೊಣ ಕಚ್ಚುವುದಿಲ್ಲ.
ಹುಳದ ಮೈಮೇಲೆ ಸಾಸಿವೆಗಿಂತ ಸಣ್ಣ ಮೊಟ್ಟೆ ಇಟ್ಟು ಹಾರುತ್ತದೆ.
ಹುಳ ಸೊಪ್ಪು ತಿನ್ನುತ್ತಲೇ ಇರುತ್ತದೆ,
ಒಮ್ಮೊಮ್ಮೆ ಗೂಡೂ ಕಟ್ಟುತ್ತದೆ.
ಮೈಮೇಲೆ ಒಂದು ಕರಿ ಚುಕ್ಕೆ. ನೋಡಿದವರಿಗೆ ಉಂಟು,
ನೋಡದವರಿಗೆ ಇಲ್ಲ.

ಶುಕ್ರವಾರ ಸಿಕ್ಕಿತು ಆ ಚುಕ್ಕೆ.
ಮೇಲಿನ ಸೆಟ್ಟಿಂಗಿನ ತಳದಲ್ಲಿ ಒಂದೇ ಒಂದು ಸಾಲು:
ನನಗೆ ಬಂದದ್ದೆಲ್ಲ ನಕಲಾಗಿ
ಇನ್ಯಾವುದೋ ವಿಳಾಸಕ್ಕೆ ಹೋಗುತ್ತಿತ್ತು,
ಬೀಗ ಬದಲಾಯಿಸಿದ ಮೇಲೂ.
ಅಳಿಸಿದೆ. ಕೈ ತೊಳೆದೆ, ಸುಮ್ಮನೆ, ಅಭ್ಯಾಸ.

ಉಳಿದದ್ದು ಫೋನು ಮಾಡುವುದು.
ಇನ್ನೂರ ಹನ್ನೆರಡು ಮನೆ.
ಮಳ್ಳೂರಿನವರು ನಕ್ಕರು. ಒಬ್ಬ
ನಿನಗೇ ಹಿಂಗಾದರೆ ನಮ್ಮ ಗತಿ ಏನು ಅಂದ,
ಹೊಗಳಿದನೋ ಹಳಿದನೋ ತಿಳಿಯಲಿಲ್ಲ.

ದಿಬ್ಬೂರಹಳ್ಳಿಯ ಪಿಳ್ಳಮ್ಮ ಮಾತ್ರ
ಬಹಳ ಹೊತ್ತು ಸುಮ್ಮನಿದ್ದು, ತೆಲುಗಲ್ಲಿ ಕೇಳಿದಳು:
ನುವ್ವೇನಾ ಸಾಕಕ್ಕಾ?
ನಾನೇ ಅಂದೆ.
ಅವತ್ತೂ ನಾನೇ ಅಂತಲೇ ಇತ್ತು, ಅಂದಳು.

ಏನು ತೋರಿಸಲಿ ಫೋನಿನಲ್ಲಿ?
ಹೋದ ಆಷಾಢ ನಿನ್ನ ಹುಳಕ್ಕೆ ಹಾಲುರೋಗ ಬಂದಾಗ
ನನ್ನ ಜಗುಲಿ ಮೇಲೆ ಕೂತೆಯಲ್ಲ,
ಟೀ ತಣ್ಣಗಾಗಿ ಕೆನೆ ಕಟ್ಟಿತ್ತು,
ನೀನು ಅದನ್ನು ಬೆರಳಲ್ಲಿ ತೆಗೆದು ಬೆಕ್ಕಿಗೆ ಹಾಕಿದೆ.

ಹೂಂ, ಅಂದಳು.
ಆಮೇಲೆ ಮೆಲ್ಲಗೆ:
ನಾಲ್ಕು ಸಾವಿರ ಹಾಕ್‌ಬಿಟ್ಟೆ. ನೀನು ಕೇಳಿದೆ ಅಂತ.

ಲೆಕ್ಕದ ಪುಸ್ತಕ ತೆಗೆದು
ಮುಂದಿನ ಚಾಕಿಯಲ್ಲಿ ಮುರಿಯುವುದು ಎಂದು ಬರೆದೆ,
ಪಿಳ್ಳಮ್ಮ, ನಾಲ್ಕು ಸಾವಿರ.
ಯಾವ ಬಾಬ್ತು ಎಂಬಲ್ಲಿ ಪೆನ್ನು ನಿಂತಿತು.
ಒಳಗೆ ಜ್ವರ ಬಿಟ್ಟು ಎದ್ದ ಹುಳಗಳು
ಸೊಪ್ಪಿಗೆ ಬಾಯಿ ಹಾಕಿದ ಸದ್ದು.