ಕೈಗುಣ

ವಿಲಾ ದೊ ಕೊಂಡೆಯಲ್ಲಿ, ನದಿ ಕಡಲಿಗೆ ಬಾಯಿ ಬಿಡುವ ಕಡೆ
ನನ್ನದೊಂದು ಔಷಧಿ ಅಂಗಡಿ.
ನಲವತ್ತೊಂದು ವರ್ಷ ವೈದ್ಯರ ಗೀಚು ಓದಿದ್ದೇನೆ;
ಅಷ್ಟು ಓದಲಿಲ್ಲ ಮುಖಗಳನ್ನು.

ಝುಲ್ಮೀರಾ ಬಂದದ್ದು ಮಾರ್ಚಿನಲ್ಲಿ.
ಬಲಗೈ ಕೋಟಿನ ಜೇಬಿನೊಳಗೆ,
ಕದ್ದು ತಂದ ಹಕ್ಕಿಮರಿಯ ಹಾಗೆ.
ತೆಗೆದು ಗಾಜಿನ ಮೇಲಿಟ್ಟಳು:
ಹೆಬ್ಬೆರಳು ತೋರುಬೆರಳು ಒಂದನ್ನೊಂದು ಉಜ್ಜುತ್ತ
ಇಲ್ಲದ ನಾಣ್ಯ ಎಣಿಸುತ್ತಿದ್ದವು.

‘ನೋಡು ಅಮೀಲ್ಕರ್,
ಎಲ್ಲರೂ ಕೈ ಬಿಟ್ಟಾಗ ಹಿಡಿದದ್ದು ಈ ಕೈ.
ಈಗ ಇದೇ ಕೈಕೊಟ್ಟಿತು.’

ಏಳರ ಹರೆಯದಿಂದ ಲೇಸ್ ಹೆಣೆದವಳು.
ಮಡಿಲಲ್ಲಿ ಉರುಟು ದಿಂಬು, ನಲವತ್ತು ಜೋಡಿ ಮರದ ಕಡ್ಡಿ,
ಒಣ ಕಡಲೆ ಜರಡಿಯಲ್ಲಿ ಆಡಿದಂಥ ಸದ್ದು.
ಆ ಸದ್ದು ನಿಂತರೆ ಬೀದಿಗೆ ಊಟದ ಹೊತ್ತು.

ಮಿದುಳಿನ ನಡುವೆ ಉಗುರಿನಷ್ಟು ಕಪ್ಪು.
ಕೊಯ್ದು ನೋಡಿದವರು ಇಟ್ಟ ಹೆಸರೂ ಅಷ್ಟೇ: ಕರಿಯ ವಸ್ತು.
ಕಲ್ಪನೆಯಿಲ್ಲದ ಜನ.
ಅಲ್ಲಿ ಊರುವುದು ಡೋಪಮೀನ್.
ಸುಖವೆನ್ನುತ್ತಾರೆ ಅದನ್ನು, ಪತ್ರಿಕೆಯವರು ಕೂಡ.
ಅಲ್ಲ. ಸುಖ ಬರುತ್ತಿದೆ ಎಂಬ ಸುದ್ದಿ.
ಕರೆಗಂಟೆ ಅದು, ನೆಂಟನಲ್ಲ.
ಬೆರಳೆತ್ತುವುದಕ್ಕೂ ಅದೇ ಬೇಕು, ಆಸೆಪಡುವುದಕ್ಕೂ ಅದೇ;
ಎರಡು ಮನೆಯ ಕಾಗದ
ಒಬ್ಬನೇ ಅಂಚೆಯವನ ಚೀಲದಲ್ಲಿ.

ಅವಳ ಕಪ್ಪು ಬತ್ತುತ್ತಿತ್ತು.
ನಾನು ಕೊಟ್ಟ ಗುಳಿಗೆ ಡೋಪಮೀನ್ ಅಲ್ಲ, ಅದರ ವೇಷ.
ಅದೇ ಬೀಗಕ್ಕೆ ಕಳ್ಳಕೀಲಿ.
ದಿನಕ್ಕೆ ಮೂರು, ಊಟದ ಜೊತೆ.

ಜೂನ್ ಹೊತ್ತಿಗೆ ಕೈ ಸುಮ್ಮನಾಯಿತು.
ಗೇಣುದ್ದ ಲೇಸ್ ತಂದಳು, ನಡುವೆ ಒಂದು ಏಡಿ.
‘ನಿನ್ನ ಕೈಗುಣ’ ಎಂದಳು.
ಕಟ್ಟು ಹಾಕಿಸಿ ಗೋಡೆಗೆ ತೂಗಿದೆ,
ಬಂದವರಿಗೆಲ್ಲ ತೋರಿಸಿದೆ. ಬೀಗಿದೆ.

ಪೋವೊವಾದ ಕಸೀನೊ, ಮೆಟ್ರೋದಲ್ಲಿ ಸ್ವಲ್ಪವೇ ದೂರ.
ಚರ್ಚಿನ ಲಾಟರಿ ಚೀಟಿಯನ್ನೂ ಮುಟ್ಟದವಳು
ಸೆಪ್ಟೆಂಬರಿನಲ್ಲಿ ಬೆಳಗಿನ ಮೂರಕ್ಕೆ
ಎರಡು ಚೆರ್ರಿ, ಮೂರನೆಯದರ ಅರ್ಧ ಕಂಡು
ಸೋತೆ ಅನ್ನಲಿಲ್ಲ, ಇನ್ನೇನು ಗೆದ್ದೆ ಅಂದಳು.
ಗಂಟೆ ಬಡಿಯುತ್ತಲೇ ಇತ್ತು,
ಬಾಗಿಲಲ್ಲಿ ಯಾರೂ ಇರಲಿಲ್ಲ.
ಕಿವಿಯೋಲೆ ಹೋಯಿತು. ತಂಗಿ ಎರ್ಮೆಲಿಂಡಾ
ಛಾವಣಿ ರಿಪೇರಿಗೆಂದು ಕೂಡಿಟ್ಟದ್ದು ಹೋಯಿತು.
ಕಡೆಗೆ ಅಜ್ಜಿಯ ಕಾಲದ ಕಡ್ಡಿಗಳು,
ಹಿಡಿದು ಹಿಡಿದು ಸವೆದ ಕಿತ್ತಳೆಮರ,
ಪ್ರವಾಸಿಗರ ಅಂಗಡಿಗೆ.

ನನಗೆ ಗೊತ್ತಿತ್ತು.
ಡಬ್ಬಿಯೊಳಗೆ ಎಂಟು ಮಡಿಕೆಯ ಕಾಗದ;
ಇರುವೆ ಸಾಲಿನಂಥ ಅಕ್ಷರದಲ್ಲಿ
‘ಕೆಲವರಲ್ಲಿ ಜೂಜಿನ ತುಡಿತ’ ಎಂದಿತ್ತು.
ನಾನು ಹೇಳಿದ್ದು, ಊಟದ ಜೊತೆ.

ಪೋರ್ಟೊದ ಡಾಕ್ಟರು ಗುಳಿಗೆ ಇಳಿಸಿದರು.
ಮೂರೇ ವಾರ. ನಲ್ಲಿ ತಿರುಗಿಸಿದ ಹಾಗೆ ನಿಂತಿತು ಆಸೆ.
ಕೈ ಮತ್ತೆ ನಾಣ್ಯ ಎಣಿಸತೊಡಗಿತು.
ಗಾಜಿನ ಆಚೆ ನಿಂತು ಕೇಳಿದಳು:
‘ಹಾಗಾದರೆ ಆಡಿದವಳು ಯಾರು?’
ನಾನು ಚಿಲ್ಲರೆ ಹುಡುಕುತ್ತಿದ್ದೆ.
‘ಹೋಗಲಿ, ಆ ಏಡಿ ಹೆಣೆದವಳು?’

ಏಳು ವರ್ಷವಾಯಿತು.
ಈಗ ಅವಳಿಗೆ ಕಸೀನೊ ಇಲ್ಲ, ಸಾಲ ಇಲ್ಲ,
ಎರ್ಮೆಲಿಂಡಾ ಯಾಕೆ ಮಾತು ಬಿಟ್ಟಳೆಂಬುದಿಲ್ಲ.
ಕಾಯಿಲೆ ಮೇಲಿನ ಮಹಡಿಗೂ ಹತ್ತಿದೆ.
ಎರ್ಮೆಲಿಂಡಾಗೆ ಮಾತ್ರ ಎಲ್ಲ ನೆನಪಿದೆ,
ಯಾವ ಗುಳಿಗೆಯೂ ಇಲ್ಲದೆ.

ನಿನ್ನೆ ಸೊಸೆಯ ಕೈ ಹಿಡಿದು ಬಂದಳು.
ನನ್ನ ಹೆಸರು ತಿಳಿಯಲಿಲ್ಲ.
ಗೋಡೆಯ ಕಟ್ಟನ್ನು ಬಹಳ ಹೊತ್ತು ನೋಡಿದಳು.
‘ಯಾರ ಕೈ ಇದು? ಪರವಾಗಿಲ್ಲ.
ಕೊಂಡಿಯ ಹತ್ತಿರ ಒಂದು ಎಳೆ ತಪ್ಪಿದೆ.
ಬಿಚ್ಚಲು ಹೇಳು ಅವಳಿಗೆ.’
ನಡುಗುವ ಬೆರಳು ತೋರಿದ ಜಾಗ ಮಾತ್ರ
ನಡುಗಲಿಲ್ಲ.

ಬಾಗಿಲು ಹಾಕಿದ ಮೇಲೆ ಕಟ್ಟು ಇಳಿಸಿದೆ.
ಸಣ್ಣಕ್ಷರ ಓದಲೆಂದು ಕೊಂಡ ಭೂತಗನ್ನಡಿ
ಖಾನೆಯ ತಳದಲ್ಲಿತ್ತು, ಹೊಸದರಂತೆ.
ಒರೆಸಿ ಹಿಡಿದೆ.

ಹೌದು. ಏಡಿಯ ಎಡಗೊಂಡಿ.
ಮೇಲೆ ಹೋಗಬೇಕಾದಲ್ಲಿ
ಕೆಳಗೆ ಹೋಗಿತ್ತು.