ಎರಡೂವರೆ ತಾಸು ಹಿಂದೆ

ಡಾರ್ವಿನ್ನಿನಲ್ಲಿ ಬೆಳಗಿನ ಏಳೂವರೆ.
ರಾತ್ರಿ ಪಾಳಿ ಮುಗಿಸಿ ಬಂದು
ಮೊಣಕೈತನಕ ಮೆತ್ತಿದ ಬೇಕರಿ ಹಿಟ್ಟು
ತೊಳೆಯದೆ ಕೂತಿದ್ದೇನೆ, ಎದುರಿಗೆ ಫೋನು.
ಅಲ್ಲಿ ಈಗ ಐದು. ಎದ್ದಿರಲಿಕ್ಕಿಲ್ಲ.
ಎದ್ದಿರುತ್ತಾಳೆ. ಓಣಿ ಮಸೀದಿಯ ಬಾಂಗು
ಅಲಾರಾಮಿಗಿಂತ ಮೊದಲೇ ಕೂಗುತ್ತದಂತೆ.

ಟಿಕೆಟ್ಟಿನಲ್ಲಿ ಊರ ಹೆಸರು ಕೂಡಿಸಿ ಓದಿದ್ದೆ: ಯೋಗ್ಯಕರ್ತ.
ಇಷ್ಟು ಯೋಗ್ಯ ಹೆಸರಿನ ಊರಲ್ಲಿ
ಹುಡುಗಿಗೇನೂ ಆಗಲಾರದೆಂದು ಒಪ್ಪಿದೆ.
'ಮಮ್, ಜೋಗ್ಜಾ ಅನ್ನಬೇಕು' ಎಂದಳು, ಇಂಗ್ಲಿಷಿನಲ್ಲಿ.
ಅನ್ನಲಿ. ಬಂದ ಹೊಸತರಲ್ಲಿ
ಹೆದ್ದಾರಿಯಲ್ಲಿ ಹಂಪ್ಟಿ ಡೂ ಎಂಬ ಹಲಗೆ ಕಂಡು
ಹಂಪಿಯೆಂದು ಎದೆ ಝಲ್ಲೆಂದವಳು ನಾನು.

ಮೆಲ್ಬರ್ನಿನಿಂದ ನಾದಿನಿಯ ಫೋನು:
'ಜಗತ್ತೇ ಸಾಲಸೋಲ ಮಾಡಿ ಓದಲಿಕ್ಕೆ ಇಲ್ಲಿ ಬರ್ತದ,
ಇಲ್ಲೇ ಹುಟ್ಟಿದಾಕಿ ಅಲ್ಲಿಗೆ ಹೋಗೂದೇನು?'
'ಬೆಂಕಿಗುಡ್ಡದ ಬೂದಿ ಓದ್ತಾಳಂತ' ಎಂದೆ.
ಎರಡು ಸಲ ಹೇಳಿಸಿಕೊಂಡು ಫೋನಿಟ್ಟಳು.
ವಿಭೂತಿ ಧರಿಸುವ ಮನೆತನ ನಮ್ಮದು,
ಬೂದಿ ಓದಿದರೆ ತಪ್ಪೇನು?
ಇದು ಮೂರು ದಿನ ಬಿಟ್ಟು ಹೊಳೆದ ಉತ್ತರ.

ನೈಟ್‌ಕ್ಲಿಫ್ ಜೆಟ್ಟಿಯಲ್ಲಿ ಗಾಳ ಹಾಕುವ
ತಿಮೋರಿನ ಮುದುಕ ಅಗೊಸ್ಟಿನ್ಯೊ
ಬೆರಳಲ್ಲೇ ನಕ್ಷೆ ಬರೆದು ತೋರಿಸಿದ:
ಸಿಡ್ನಿ ಅಗೋ ಅಲ್ಲಿ, ಬೆನ್ನ ಹಿಂದೆ, ದೂರ.
ಇವೆಲ್ಲ ಇಲ್ಲೇ, ಕೈಯಳತೆ.
ಅವನ ಬಕೆಟ್ಟಿನಲ್ಲಿ ಒಂದೇ ಮೀನು ಒದ್ದಾಡುತ್ತಿತ್ತು.

ಏಳರ ವಯಸ್ಸಿಗೆ ಕನ್ನಡ ಬಿಟ್ಟಳು ನೀಲಾ.
ಶಾಲೆಯ ಗೇಟಿನಲ್ಲಿ 'ಬಾರವ್ವಾ' ಅಂದರೆ
ಬೇರೆ ಯಾರನ್ನೋ ಕರೆದ ಹಾಗೆ
ಹಿಂದೆ ತಿರುಗಿ ನೋಡಿದಳು.
ಅಂದೇ ನಾನೂ ಕರೆಯುವುದು ಬಿಟ್ಟೆ.
ಹೊಟ್ಟೆಪಾಡು, ಕಲಿಸಲು ಪುರುಸೊತ್ತೆಲ್ಲಿ ಎನ್ನುತ್ತೇನೆ ಕೇಳಿದವರಿಗೆ.
ಸುಳ್ಳು. ಪುರುಸೊತ್ತಿತ್ತು. ಸಿಟ್ಟು ಬಂದಿತ್ತು.

ಈಗ ಅಲ್ಲಿಂದ ಒಂದೊಂದೇ ಪದ ಕಳಿಸುತ್ತಾಳೆ.
ಮೊದಲ ವಾರ ಬಹಾಸಾ: 'ಇದು ನಿಮ್ಮದಲ್ಲವೇ?'
ಆಮೇಲೆ ಬೂಮಿ, ಚೆರಿತಾ. ಉಪವಾಸಕ್ಕೆ ಪುವಾಸಾ,
ಮೊದಲಕ್ಷರವೂ ಹಸಿದಿರಬೇಕು.
ಗಂಡನಿಗೆ ಸುವಾಮಿ ಎಂದು ಓದಿ ಹೇಳಿದ್ದಕ್ಕೆ
ಇವರು ಎರಡು ದಿನ ಚಾ ಕೂತಲ್ಲಿಗೇ ಕೇಳಿದರು.
ವಿದ್ಯಾರ್ಥಿಗೆ ಮಹಾಸಿಸ್ವ. ಮಹಾಶಿಷ್ಯೆ!
ನನ್ನ ಹುಡುಗಿ, ಒಂದು ಲೋಟ ತೊಳೆದವಳಲ್ಲ.

'ದೋಸಾ ಅಂದರೆ ಇಲ್ಲಿ ಪಾಪ.
ಹಾಗಾದರೆ ನಾವು ಶನಿವಾರ ಶನಿವಾರ
ತಿಂದದ್ದು?' ಮೂರು ನಗುವ ಮುಖ.
ದೋಷ ಮಗಳೇ, ದೋಸೆ ಬೇರೆ.
ಫೋನಿನಲ್ಲಿ ಷ ಹುಡುಕುವಷ್ಟರಲ್ಲಿ
ಅವಳು ತರಗತಿಗೆ ಹೋಗಿಯಾಗಿತ್ತು.

ಮೊನ್ನೆಯದು ಸೆಂಗ್ಸಾರ.
'ನರಳಾಟ, ಯಾತನೆ. ಕನ್ನಡದಲ್ಲಿ ಇದೆಯಾ?'
ಇದೆ. ನಮ್ಮಲ್ಲಿ ಅದಕ್ಕೆ
ಗಂಡ, ಮಕ್ಕಳು, ಉಕ್ಕುವ ಹಾಲು, ಬಾಡಿಗೆ ಎಂದರ್ಥ.
ಯಾವಳೋ ಒಬ್ಬಳು ಎಂದೋ ಹಡಗು ಹತ್ತಿ
ಸೆರಗಿನ ಗಂಟಲ್ಲಿ ಆ ಪದ ಒಯ್ದು
ಆಚೆ ದಡದಲ್ಲಿ, ಕೇಳುವವರು ಸಿಕ್ಕಾಗ,
ಬಿಚ್ಚಿ ಹೇಳಿರಬೇಕು.
ಇದನ್ನೆಲ್ಲ ಬರೆಯಲಿಲ್ಲ. 'ಇದೆ' ಎಂದಷ್ಟೇ ಒತ್ತಿದೆ.

ಇವತ್ತಿನದು ಪದವಲ್ಲ, ಪ್ರಶ್ನೆ.
ಪಾಳಿಯ ನಡುವೆ ಬಂದದ್ದು, ಓವನ್ನಿನ ಬೆಳಕಲ್ಲಿ ಓದಿದೆ.
ಮನೆಯೊಡತಿ ಬು ಸುಮಿಯಾತಿ ಅಂಗಳದ ಬೂದಿ ಗುಡಿಸುತ್ತ
ಏನೋ ಮುದ್ದಿನ ಹೆಸರಿಟ್ಟು ಕರೆದಳಂತೆ,
ನೆನಪಾಯಿತಂತೆ:
'ಅವ್ವ ಎಂದರೆ ತಾಯಿ ಅಲ್ಲವೇ?
ಅವತ್ತು ಗೇಟಿನ ಹತ್ತಿರ
ನನ್ನನ್ನು ಯಾಕೆ ಅಮ್ಮ ಎಂದು ಕರೆದೆ?
ನಿನ್ನ ಅಮ್ಮ ಬಂದಿದ್ದಾಳೆಂದು
ನಾನು ಹಿಂದೆ ತಿರುಗಿ ನೋಡಿದೆ.'

ಹದಿಮೂರು ವರ್ಷ.
ಹಿಟ್ಟು ಒಣಗಿ ಚರ್ಮ ಬಿಗಿಯುತ್ತಿದೆ.
ಹೊರಗೆ ಪಕ್ಕದ ಮನೆಯವರ ಮಾವಿನಕಾಯಿ
ತಗಡಿನ ಮೇಲೆ ಬಿತ್ತು.
ಎರಡೂವರೆ ತಾಸು ಹಿಂದಿದ್ದಾಳೆ ಅವಳು,
ಇನ್ನೂ ಕತ್ತಲೆ ಅಲ್ಲಿ,
ಅವಸರವಿಲ್ಲ. ಮೊದಲು ಕೈ ತೊಳೆಯಬೇಕು.